ಚಂಡಮಾರುತದ ತಿಂಗಳುಗಳಲ್ಲಿ ಆರ್ಲ್ಯಾಂಡೊ ಪ್ರವಾಸ
(ಹಿರಿಯರು ಮತ್ತು ಅವರ ಮಕ್ಕಳು ತಿಳಿದಿರಬೇಕಾದ ಕೆಲವು ಸಂಗತಿಗಳು)

"ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ" ಎಂಬುದು ನಮ್ಮ ಹಿರಿಯರ ಮಾತು. ಮಳೆಯನ್ನೇ ನಂಬಿ ಬಾಳಿದ ನಾಡಿನಲ್ಲಿ ಹುಟ್ಟಿದ ಈ ಗಾದೆಗೆ, ಮಗನೋ ಮಗಳೋ ಸಮುದ್ರದಾಚೆ ನೆಲೆಸಿ ತಂದೆತಾಯಿಯರನ್ನು ತಮ್ಮಲ್ಲಿಗೆ ಕರೆಸಿಕೊಳ್ಳುವ ಈ ದಿನಗಳಲ್ಲಿ ಒಂದು ಟಿಪ್ಪಣಿಯನ್ನು ಸೇರಿಸಬೇಕಾಗಿದೆ. ಎಲ್ಲ ಕಡೆಯ ಮಳೆಯೂ ಒಂದೇ ಬಗೆಯದಲ್ಲ.

ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿದ್ದಾರೆ. ಮುಂಬಯಿಯ ಬೇಸಗೆಯ ಕೊನೆಗೆ ಹೊರಟು ನವರಾತ್ರಿಯ ವೇಳೆಗೆ ಹಿಂದಿರುಗುವುದು ಹಲವು ಹಿರಿಯರ ಪದ್ಧತಿ. ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ಅಲ್ಲಿ ಕಾರ್ಮಿಕ ದಿನದ ರಜೆ. ಆ ವೇಳೆಗೆ ಶಾಲೆಗಳು ಮತ್ತೆ ಆರಂಭವಾಗಿ ಜನಸಂದಣಿ ಇಳಿದಿರುತ್ತದೆ. ಹೋಟೆಲುಗಳ ದರವೂ ಅಗ್ಗ. ಆದುದರಿಂದ "ಅಪ್ಪ, ಅಮ್ಮ, ನಿಮಗೆ ಡಿಸ್ನಿ ವರ್ಲ್ಡ್ ತೋರಿಸುತ್ತೇವೆ" ಎಂದು ಮಕ್ಕಳು ಫ್ಲೋರಿಡಾ ರಾಜ್ಯದ ಆರ್ಲ್ಯಾಂಡೊ ನಗರಕ್ಕೆ ಕರೆದೊಯ್ಯುವುದೂ ಬಹುಮಟ್ಟಿಗೆ ಇದೇ ಸಮಯದಲ್ಲಿ. ದರ ಅಗ್ಗವಾಗಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಅದು ಚಂಡಮಾರುತಗಳ ಕಾಲ.

ವಾಣಿಜ್ಯ ಪದವೀಧರನಾಗಿ ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನು ವೈದ್ಯಕೀಯ ಸಲಹೆ ನೀಡಲು ಅರ್ಹನಲ್ಲ. ಔಷಧಗಳ ವಿಷಯದಲ್ಲಿ ಓದುಗರು ತಮ್ಮ ವೈದ್ಯರ ಮಾತನ್ನೇ ಪ್ರಮಾಣವೆಂದು ಭಾವಿಸತಕ್ಕದ್ದು. ಆದರೆ ಡಾಲರು ಕೊಳ್ಳಲು ಬರುವ ಹಿರಿಯ ದಂಪತಿಗಳನ್ನು ಪ್ರತಿವರ್ಷ ಕಾಣುತ್ತೇನೆ. ವೀಸಾ, ಟಿಕೆಟು, ಚಟ್ನಿಪುಡಿಯ ಡಬ್ಬಿ, ಇವೆಲ್ಲದರ ಸಿದ್ಧತೆ ಅಚ್ಚುಕಟ್ಟಾಗಿರುತ್ತದೆ. ಮೂರು ದಿನ ವಿದ್ಯುತ್ತಿಲ್ಲದಿದ್ದರೆ ಇನ್ಸುಲಿನ್ ಎಲ್ಲಿಡಬೇಕು ಎಂಬ ಪ್ರಶ್ನೆ ಮಾತ್ರ ಬಹುಮಂದಿಗೆ ಹೊಳೆದಿರುವುದಿಲ್ಲ. ಈ ಲೇಖನದ ಉದ್ದೇಶ ಯಾರನ್ನೂ ಹೋಗದಂತೆ ತಡೆಯುವುದಲ್ಲ. ಹೋಗುವವರು ಆ ಪ್ರಶ್ನೆಯನ್ನು ಹೊರಡುವ ಮುಂಚೆಯೇ ಕೇಳಿಕೊಳ್ಳಲಿ ಎಂಬುದಷ್ಟೇ.

ಋತುವಿನ ಸ್ವರೂಪ

ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್, ಪೆಸಿಫಿಕ್ ಸಾಗರದ ಪಶ್ಚಿಮದಲ್ಲಿ ಟೈಫೂನ್, ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್: ಹೆಸರು ಮೂರಾದರೂ ವಸ್ತು ಒಂದೇ. ಸಮುದ್ರದ ಮೇಲ್ಪದರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದಾಗ ಅದರಿಂದೇಳುವ ನೀರಾವಿಯೇ ಬಿರುಗಾಳಿಗೆ ಇಂಧನವಾಗುತ್ತದೆ. ಭೂಮಿಯ ಭ್ರಮಣದಿಂದಾಗಿ ಉತ್ತರಾರ್ಧಗೋಳದಲ್ಲಿ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಭೂಮಿಯನ್ನು ಸೇರಿದ ಮೇಲೆ ಇಂಧನ ಕಡಿದುಹೋಗಿ ಕ್ರಮೇಣ ಬಲಗುಂದುತ್ತದೆ.

ಅಟ್ಲಾಂಟಿಕ್ ಹರಿಕೇನ್ ಋತುವನ್ನು ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಗೊತ್ತುಮಾಡಲಾಗಿದೆ. ಈ ಆರು ತಿಂಗಳೂ ಸಮಾನ ಅಪಾಯದವಲ್ಲ. ಆಗಸ್ಟ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಅಂದರೆ ಹೆಚ್ಚುಕಡಿಮೆ ನಮ್ಮ ಗಣೇಶ ಚತುರ್ಥಿಯಿಂದ ವಿಜಯದಶಮಿಯವರೆಗಿನ ಅವಧಿ, ಅತ್ಯಂತ ಚಟುವಟಿಕೆಯದು. ಸೆಪ್ಟೆಂಬರ್ 10ರ ಆಸುಪಾಸು ಅದರ ಶಿಖರ.

ಗಾಳಿಯ ವೇಗ ಗಂಟೆಗೆ 63 ಕಿಲೋಮೀಟರ್ ಮುಟ್ಟಿದಾಗ ಬಿರುಗಾಳಿಗೆ ಹೆಸರಿಡುತ್ತಾರೆ. 119 ಕಿಲೋಮೀಟರ್ ಮುಟ್ಟಿದರೆ ಅದು ಹರಿಕೇನ್. ಅಲ್ಲಿಂದ ಮುಂದೆ ಸ್ಯಾಫಿರ್ ಎಂಬ ಎಂಜಿನಿಯರ್ ಮತ್ತು ಸಿಂಪ್ಸನ್ ಎಂಬ ಹವಾಮಾನ ತಜ್ಞರ ಹೆಸರಿನ ಮಾನದಂಡದಂತೆ ಒಂದರಿಂದ ಐದರವರೆಗೆ ವರ್ಗಗಳಿವೆ. ಐದನೆಯ ವರ್ಗವೆಂದರೆ ಗಂಟೆಗೆ 252 ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚು. ಈ ವರ್ಗ ಗಾಳಿಯ ವೇಗವನ್ನು ಮಾತ್ರ ಹೇಳುತ್ತದೆ, ನೀರಿನ ಮಾತನ್ನು ಹೇಳುವುದಿಲ್ಲ. ಸಮುದ್ರದ ಉಬ್ಬರದಿಂದಲೂ ಮಳೆಯ ಪ್ರವಾಹದಿಂದಲೂ ಆಗುವ ಸಾವುಗಳೇ ಗಾಳಿಯಿಂದ ಆಗುವುದಕ್ಕಿಂತ ಹೆಚ್ಚು.

ಉದ್ಯಾನ ಬಾಗಿಲು ಮುಚ್ಚಿದ ದಿನಗಳು

ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ತೆರೆಯಿತು. ಅದರ ವಿಸ್ತಾರ ಸುಮಾರು 100 ಚದರ ಕಿಲೋಮೀಟರ್. ಕೊಲಾಬಾದಿಂದ ಮಾಹೀಮ್, ಸಯನ್‌ವರೆಗಿನ ನಮ್ಮ ಮುಂಬಯಿ ದ್ವೀಪನಗರಕ್ಕಿಂತಲೂ ದೊಡ್ಡದು. ಅದು ಕಡಲ ತೀರದಲ್ಲಿಲ್ಲ, ಒಳನಾಡಿನಲ್ಲಿದೆ. ಆದುದರಿಂದ ಸಮುದ್ರದ ಉಬ್ಬರ ಅಲ್ಲಿಗೆ ತಲುಪದು. ಬಿರುಗಾಳಿಯೂ ಅಲ್ಲಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಸ್ವಲ್ಪ ಸೊರಗಿರುತ್ತದೆ. ಕರಾವಳಿಯ ಜನರೇ ಆಶ್ರಯ ಹುಡುಕಿಕೊಂಡು ಆರ್ಲ್ಯಾಂಡೊಗೆ ಬರುವುದುಂಟು.

ಹಾಗೆಂದು ಅದು ಪೂರ್ಣ ನಿರಾತಂಕವಲ್ಲ. 1999ರ ಸೆಪ್ಟೆಂಬರಿನಲ್ಲಿ ಫ್ಲಾಯ್ಡ್ ಸಮೀಪಿಸಿದಾಗ ಉದ್ಯಾನವನ್ನು ಮುಚ್ಚಲಾಯಿತು. ಬಿರುಗಾಳಿ ದಿಕ್ಕು ಬದಲಿಸಿ ಉತ್ತರಕ್ಕೆ ಸರಿಯಿತು. 2004ರಲ್ಲಿ ಅದೃಷ್ಟ ಹಾಗಿರಲಿಲ್ಲ: ಚಾರ್ಲಿ, ಫ್ರಾನ್ಸಿಸ್, ಜೀನ್ ಎಂಬ ಮೂರು ಚಂಡಮಾರುತಗಳು ಸುಮಾರು ಆರು ವಾರಗಳ ಅವಧಿಯಲ್ಲಿ ಮಧ್ಯ ಫ್ಲೋರಿಡಾವನ್ನು ಹಾದುಹೋದವು. ಬಳಿಕ 2016ರಲ್ಲಿ ಮ್ಯಾಥ್ಯೂ, 2017ರಲ್ಲಿ ಇರ್ಮಾ, 2022ರಲ್ಲಿ ಇಯಾನ್, 2024ರ ಅಕ್ಟೋಬರಿನಲ್ಲಿ ಮಿಲ್ಟನ್ ಬಂದಾಗಲೂ ಬಾಗಿಲು ಮುಚ್ಚಿತು. ಮಿಲ್ಟನ್ ಬಂದಾಗ ಅಕ್ಟೋಬರ್ 9ರ ಮಧ್ಯಾಹ್ನ ಮುಚ್ಚಿದ ಉದ್ಯಾನಗಳು 11ರಂದು ಮತ್ತೆ ತೆರೆದವು. ಇಯಾನ್ ಸುರಿಸಿದ ಮಳೆಗೆ ಆರ್ಲ್ಯಾಂಡೊ ಪ್ರದೇಶದ ಹಲವು ಬಡಾವಣೆಗಳು ಜಲಾವೃತವಾದವು.

ಐವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಲ್ಲಿ ಹೀಗೆ ಮುಚ್ಚಿದ ದಿನಗಳು ಬಹಳ ಕಡಿಮೆ. ಹೋದವರ ಪಾಲಿಗೆ ಚಂಡಮಾರುತವೇ ಬಂದೆರಗುವ ಸಂಭವ ಅಲ್ಪ. ನಿತ್ಯದ ತೊಂದರೆ ಬೇರೆ: ಬೇಸಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ಗುಡುಗು ಸಿಡಿಲಿನ ಮಳೆ ಮಾಮೂಲು. ಸಿಡಿಲು ಸಮೀಪದಲ್ಲಿದೆಯೆಂದರೆ ಬಯಲಿನಲ್ಲಿರುವ ಆಟಗಳನ್ನೂ ಈಜುಕೊಳಗಳನ್ನೂ ನಿಲ್ಲಿಸಿಬಿಡುತ್ತಾರೆ. ಆದುದರಿಂದ ಬಯಲಿನ ನೋಟಗಳನ್ನು ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನವನ್ನು ಛಾವಣಿಯ ಕೆಳಗಿನ ಪ್ರದರ್ಶನಗಳಿಗೆ ಮೀಸಲಿಡುವುದು ಜಾಣತನ. ದಿನಕ್ಕೆ ಹತ್ತು ಕಿಲೋಮೀಟರ್ ನಡಿಗೆ ಅಲ್ಲಿ ಸಾಮಾನ್ಯವಾದುದರಿಂದ, ಮಂಡಿನೋವಿರುವವರು ಗಾಲಿಕುರ್ಚಿಯನ್ನು ಬಾಡಿಗೆಗೆ ಪಡೆಯಲು ಸಂಕೋಚಪಡಬಾರದು.

ಗಾಳಿಗಿಂತ ಗಾಳಿಯ ಮರುದಿನ

2017ರಲ್ಲಿ ಇರ್ಮಾ ಹಾದುಹೋದಾಗ ದಕ್ಷಿಣ ಫ್ಲೋರಿಡಾದ ಹಾಲಿವುಡ್ ಎಂಬ ಊರಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಆ ಕಟ್ಟಡದ ಗೋಡೆ ಬೀಳಲಿಲ್ಲ, ಅದರೊಳಗೆ ಪ್ರವಾಹ ನುಗ್ಗಲಿಲ್ಲ. ಹವಾನಿಯಂತ್ರಣಕ್ಕೆ ಒದಗುತ್ತಿದ್ದ ವಿದ್ಯುತ್ ಮಾತ್ರ ನಿಂತುಹೋಯಿತು. ಗಾಳಿ ಅಡಗಿದ ಮೇಲಿನ ಸೆಕೆಯಲ್ಲಿ ದಿನಗಳು ಕಳೆದವು. ಸಮೀಪದಲ್ಲೇ ದೊಡ್ಡ ಆಸ್ಪತ್ರೆಯಿದ್ದರೂ ಹನ್ನೆರಡು ಮಂದಿ ವೃದ್ಧರ ಸಾವಿಗೆ ಆ ಬಿಸಿಲ ಬೇಗೆ ಕಾರಣವಾಯಿತು. ಮರುವರ್ಷ, 2018ರಲ್ಲಿ, ಅಂತಹ ಕೇಂದ್ರಗಳು ಬದಲಿ ವಿದ್ಯುತ್ತಿನ ಏರ್ಪಾಡು ಮಾಡಿಕೊಳ್ಳಲೇಬೇಕೆಂಬ ಕಾನೂನನ್ನು ಆ ರಾಜ್ಯ ಜಾರಿಗೆ ತಂದಿತು.

ಈ ಘಟನೆಯ ಪಾಠ ನಮ್ಮ ಹಿರಿಯರಿಗೆ ನೇರವಾಗಿ ಅನ್ವಯಿಸುತ್ತದೆ. ಗಟ್ಟಿ ಕಟ್ಟಡದೊಳಗಿರುವವರಿಗೆ ಗಾಳಿಯ ರಾತ್ರಿಗಿಂತ ಆಮೇಲಿನ ಎರಡು ಮೂರು ದಿನಗಳೇ ಹೆಚ್ಚು ಕಠಿಣ. ವಿದ್ಯುತ್ತಿಲ್ಲ, ಅಂಗಡಿಯಿಲ್ಲ, ವಿಮಾನವಿಲ್ಲ. ಇವುಗಳನ್ನು ಎದುರಿಸುವ ಬಗೆ ಹೀಗಿದೆ.

ಮೊದಲನೆಯದಾಗಿ ಮಾತ್ರೆಗಳು. ರಕ್ತದೊತ್ತಡ, ಮಧುಮೇಹ, ಹೃದಯ, ಥೈರಾಯ್ಡ್ ಇವುಗಳ ಔಷಧಗಳನ್ನು ಪ್ರವಾಸದ ದಿನಗಳಿಗಿಂತ ಕನಿಷ್ಠ ಎರಡು ವಾರಕ್ಕೆ ಹೆಚ್ಚಾಗಿ ಒಯ್ಯಬೇಕು. ಭಾರತದ ವೈದ್ಯರ ಚೀಟಿಗೆ ಅಮೆರಿಕದ ಔಷಧದಂಗಡಿಗಳು ಸಾಮಾನ್ಯವಾಗಿ ಔಷಧ ಕೊಡುವುದಿಲ್ಲ. ಅಲ್ಲಿನ ವೈದ್ಯರನ್ನೇ ಕಂಡು ಹೊಸ ಚೀಟಿ ಪಡೆಯಬೇಕು. ಬಿರುಗಾಳಿಯ ನಡುವೆ ಅದು ಸುಲಭಸಾಧ್ಯವಲ್ಲ. ಮಗನ ಮನೆ ನ್ಯೂಜೆರ್ಸಿಯಲ್ಲಿದ್ದು, ನಾಲ್ಕು ದಿನಕ್ಕೆಂದು ಆರ್ಲ್ಯಾಂಡೊಗೆ ಹೋಗುವಾಗಲೂ ನಾಲ್ಕೇ ದಿನದ ಮಾತ್ರೆ ಎಣಿಸಿಕೊಳ್ಳದೆ ಹತ್ತು ದಿನದ್ದು ಇಟ್ಟುಕೊಳ್ಳುವುದು ಮೇಲು. ಔಷಧಗಳ ರಾಸಾಯನಿಕ ಹೆಸರಿರುವ ವೈದ್ಯರ ಚೀಟಿಯ ಪ್ರತಿಯೊಂದು ಕೈಚೀಲದಲ್ಲಿರಲಿ. ಮಾತ್ರೆಗಳನ್ನು ವಿಮಾನದ ಸರಕಿನ ಪೆಟ್ಟಿಗೆಗೆ ಹಾಕಬಾರದು.

ಎರಡನೆಯದು ಇನ್ಸುಲಿನ್. ಶೀತಕಪೆಟ್ಟಿಗೆ ನಿಂತೊಡನೆ ಅದು ಕೆಡುತ್ತದೆಂಬ ಭಯ ಬೇಡ. ಸುಮಾರು 15ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಾಧಾರಣವಾಗಿ 28 ದಿನಗಳವರೆಗೆ ಅದು ಬಳಕೆಗೆ ಯೋಗ್ಯವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಹೇಳುತ್ತದೆ. ತಮ್ಮ ಔಷಧದ ನಿಯಮವನ್ನು ಅದರ ಪೊಟ್ಟಣದ ಮೇಲೆ ನೋಡಿಕೊಳ್ಳಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇಡಬಾರದು. ಮಂಜುಗಡ್ಡೆಗೆ ತಗುಲುವಂತೆಯೂ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬಾರದು.

ಮೂರನೆಯದು ನೀರು ಮತ್ತು ಆಹಾರ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಸೆಪ್ಟೆಂಬರಿನ ಆರ್ಲ್ಯಾಂಡೊ ನಮ್ಮ ಅಕ್ಟೋಬರಿನ ಮುಂಬಯಿಯಂತೆಯೇ ಬೆವರಿಳಿಸುವ ಊರು. ಮೂತ್ರವರ್ಧಕ ಮಾತ್ರೆ ನುಂಗುವವರು ಸೆಕೆಯಲ್ಲಿ ಎಷ್ಟು ನೀರು ಕುಡಿಯಬೇಕೆಂಬುದನ್ನು ವೈದ್ಯರಿಂದ ತಿಳಿದೇ ಹೊರಡಬೇಕು. ಒಲೆ ಹಚ್ಚದೆ ತಿನ್ನಬಹುದಾದ ಅವಲಕ್ಕಿ, ಹುರಿಗಡಲೆ, ಖಾಖರಾ ಮುಂತಾದವು ಮೂರು ದಿನಕ್ಕಾಗುವಷ್ಟಿದ್ದರೆ, ಸಸ್ಯಾಹಾರಿಗಳು ಪರದಾಡಬೇಕಾಗಿಲ್ಲ. ಮಧುಮೇಹಿಗಳ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ತಪ್ಪದೆ ಇರಲಿ.

ನಾಲ್ಕನೆಯದು ವಿಷಾನಿಲ. ಬಾಡಿಗೆ ಮನೆಯಲ್ಲಿ ಇಳಿದುಕೊಂಡವರು ಜನರೇಟರನ್ನು ಮನೆಯೊಳಗಾಗಲಿ ಗ್ಯಾರೇಜಿನಲ್ಲಾಗಲಿ ನಡೆಸಬಾರದು. ಬಾಗಿಲು ಕಿಟಕಿಗಳಿಂದ ಕನಿಷ್ಠ ಆರು ಮೀಟರ್ ದೂರ ಬಯಲಿನಲ್ಲಿರಬೇಕು. ಅದು ಉಗುಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆ ಹೋಗುವುದುಂಟು.

ಐದನೆಯದು ನಿಂತ ನೀರು. ಹದಿನೈದು ಸೆಂಟಿಮೀಟರ್ ಆಳದ ಹರಿಯುವ ನೀರು ವಯಸ್ಕನನ್ನು ಕೆಡವಬಲ್ಲುದು. ಮೂವತ್ತು ಸೆಂಟಿಮೀಟರ್ ನೀರು ಸಣ್ಣ ಕಾರನ್ನು ಕೊಚ್ಚಿಕೊಂಡು ಹೋಗಬಲ್ಲುದು. ಮುಂಬಯಿಯ ಮಳೆಯಲ್ಲಿ ಮೊಣಕಾಲುದ್ದ ನೀರು ಹಾಯ್ದು ಮನೆ ಸೇರಿದ ಅಭ್ಯಾಸ ನಮಗಿದೆ. ಆ ಧೈರ್ಯವನ್ನು ಇಲ್ಲಿಯೇ ಬಿಟ್ಟು ಹೋಗುವುದು ಒಳ್ಳೆಯದು. ಕಡಿದುಬಿದ್ದ ವಿದ್ಯುತ್ ತಂತಿ ಆ ನೀರಿನೊಳಗಿರಬಹುದು.

ಲೆಕ್ಕದ ಮಾತು

ಹಣದ ನಷ್ಟವನ್ನು ಮೂರು ಕಂತುಗಳಾಗಿ ನೋಡಬೇಕು: ವಿಮಾನ, ವಸತಿ, ಪ್ರವೇಶದರ. ವಿಮಾನ ಸಂಸ್ಥೆಯೇ ಹಾರಾಟವನ್ನು ರದ್ದುಮಾಡಿದಾಗ, ಪ್ರಯಾಣ ಬೇಡವೆನ್ನುವವರಿಗೆ ಅಮೆರಿಕದ ನಿಯಮದಂತೆ ಟಿಕೆಟಿನ ಹಣ ಹಿಂದಿರುಗಬೇಕು. ಆದರೆ ಹವಾಮಾನದ ಕಾರಣದಿಂದ ಉಳಿದುಕೊಂಡವರ ಊಟ, ವಸತಿಗಳ ಹೊಣೆಯನ್ನು ಸಂಸ್ಥೆ ಹೊರಬೇಕೆಂದಿಲ್ಲ. ಡಿಸ್ನಿ ಸಂಸ್ಥೆಯ ಪ್ರಕಟಿತ ನಿಯಮದಂತೆ, ಅತಿಥಿ ಬರುವ ದಿನಕ್ಕೆ ಏಳು ದಿನಗಳ ಒಳಗೆ ಆರ್ಲ್ಯಾಂಡೊ ಪ್ರದೇಶಕ್ಕಾಗಲಿ ಅತಿಥಿಯ ವಾಸಸ್ಥಳಕ್ಕಾಗಲಿ ರಾಷ್ಟ್ರೀಯ ಹರಿಕೇನ್ ಕೇಂದ್ರ ಎಚ್ಚರಿಕೆ ಹೊರಡಿಸಿದರೆ, ಸಂಸ್ಥೆಯಿಂದಲೇ ಕಾಯ್ದಿರಿಸಿದ ವಸತಿಯನ್ನು ದಂಡವಿಲ್ಲದೆ ಮುಂದೂಡಬಹುದು ಅಥವಾ ರದ್ದುಪಡಿಸಬಹುದು. ಮಧ್ಯವರ್ತಿಗಳ ಮೂಲಕ ಕಾಯ್ದಿರಿಸಿದವರಿಗೆ ಮಧ್ಯವರ್ತಿಯ ಷರತ್ತೇ ಅನ್ವಯ. ಅಗ್ಗದ ದರದ ಕೆಳಗೆ ಸಣ್ಣಕ್ಷರದಲ್ಲಿ "ಹಣ ಹಿಂದಿರುಗಿಸಲಾಗದು" ಎಂದಿದೆಯೇ ಎಂದು ಕಡ್ಡಾಯವಾಗಿ ನೋಡಬೇಕು.

ವಿಮೆಯ ವಿಷಯದಲ್ಲಿ ಒಂದು ಸೂತ್ರವಿದೆ: ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಬಿರುಗಾಳಿಯ ನಷ್ಟವನ್ನು ಸಾಮಾನ್ಯವಾಗಿ ತುಂಬಿಕೊಡುವುದಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ವಿಮಾ ಕಚೇರಿಗೆ ಓಡಿದಂತೆ ಅದು. ಕಾಯ್ದಿರಿಸಿದ ದಿನವೇ ವಿಮೆಯನ್ನೂ ಕೊಳ್ಳಬೇಕು. ಮೊದಲೇ ಇರುವ ಕಾಯಿಲೆಗಳಿಗೆ ಎಷ್ಟು ರಕ್ಷಣೆಯಿದೆ ಎಂಬುದನ್ನು ಓದಿಯೇ ಸಹಿ ಹಾಕಬೇಕು. ವಿದ್ಯುತ್ತಿಲ್ಲದಾಗ ಕಾರ್ಡುಗಳು ನಡೆಯವು. ಚಿಲ್ಲರೆ ನೋಟುಗಳಲ್ಲಿ ಸ್ವಲ್ಪ ನಗದು ಕೈಯಲ್ಲಿರಲಿ.

ಎಚ್ಚರಿಕೆ ಬಂದಾಗ

ಭೂಕಂಪ ಹೇಳದೆ ಬರುತ್ತದೆ. ಚಂಡಮಾರುತ ಹಾಗಲ್ಲ, ಹಲವು ದಿನ ಮುಂಚೆಯೇ ಸುಳಿವು ಕೊಡುತ್ತದೆ. ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದ ಪ್ರಕಟಣೆಗಳಲ್ಲಿ ಎರಡು ಹಂತಗಳಿವೆ. 'ವಾಚ್' ಎಂದರೆ ಸುಮಾರು 48 ಗಂಟೆಗಳೊಳಗೆ ಹರಿಕೇನ್ ಸ್ಥಿತಿ ಉಂಟಾಗಬಹುದು; 'ವಾರ್ನಿಂಗ್' ಎಂದರೆ 36 ಗಂಟೆಗಳೊಳಗೆ ಉಂಟಾಗುವ ನಿರೀಕ್ಷೆಯಿದೆ. ಮೊದಲನೆಯದು ನಿರ್ಧಾರದ ಸಮಯ, ಎರಡನೆಯದು ಆಜ್ಞಾಪಾಲನೆಯ ಸಮಯ. ದೂರದರ್ಶನದಲ್ಲಿ ತೋರಿಸುವ ಶಂಕುವಿನಾಕಾರದ ನಕ್ಷೆ ಬಿರುಗಾಳಿಯ ಗಾತ್ರವನ್ನು ಹೇಳುವುದಿಲ್ಲ. ಅದರ ಕೇಂದ್ರ ಸಾಗಬಹುದಾದ ದಾರಿಯನ್ನಷ್ಟೇ ಸೂಚಿಸುತ್ತದೆ. ಮೂರರಲ್ಲಿ ಒಂದು ಪಾಲು ಸಂದರ್ಭಗಳಲ್ಲಿ ಕೇಂದ್ರವೇ ಅದರ ಹೊರಗೆ ಹೋಗುವುದುಂಟು. ನಮ್ಮ ಹೋಟೆಲು ಗೆರೆಯಾಚೆ ಇದೆಯೆಂದು ನಿಶ್ಚಿಂತರಾಗಬಾರದು.

'ನೀರಿನಿಂದ ಓಡು, ಗಾಳಿಯಿಂದ ಅಡಗು' ಎಂಬುದು ಫ್ಲೋರಿಡಾದ ರಕ್ಷಣಾಧಿಕಾರಿಗಳ ಬಾಯಿಪಾಠ. ಕರಾವಳಿಯಲ್ಲಿರುವವರು ಹೊರಡಬೇಕು. ಆರ್ಲ್ಯಾಂಡೊದ ಗಟ್ಟಿ ಹೋಟೆಲಿನಲ್ಲಿರುವವರು, ಅಧಿಕಾರಿಗಳು ತೆರವಿಗೆ ಆಜ್ಞೆ ಮಾಡದ ಪಕ್ಷದಲ್ಲಿ, ಕಿಟಕಿಗಳಿಂದ ದೂರ ಒಳಕೋಣೆಯಲ್ಲಿ ಕುಳಿತಿರುವುದೇ ಕ್ಷೇಮ. ಆ ಹೊತ್ತಿಗೆ ಹೆದ್ದಾರಿಗಳು ಕರಾವಳಿಯಿಂದ ಹೊರಟವರ ಕಾರುಗಳಿಂದ ತುಂಬಿ, ಪೆಟ್ರೋಲು ದುರ್ಲಭವಾಗಿರುತ್ತದೆ. ಗುಬ್ಬಚ್ಚಿ ಮನೆಯಂತಹ ಬಂಡಿಮನೆಗಳಲ್ಲಿ ಇಳಿದುಕೊಂಡವರು ಮಾತ್ರ ಮೊದಲೇ ಭದ್ರವಾದ ಕಟ್ಟಡಕ್ಕೆ ಸೇರಿಕೊಳ್ಳಬೇಕು. 'ವಾಚ್' ಹಂತದಲ್ಲಿಯೇ ಪ್ರಯಾಣ ಮುಂದೂಡುವ ಅವಕಾಶವಿದ್ದರೆ, ಡಯಾಲಿಸಿಸ್ ಪಡೆಯುವವರು, ಆಮ್ಲಜನಕ ಯಂತ್ರವನ್ನು ಅವಲಂಬಿಸಿದವರು, ಇತ್ತೀಚೆಗೆ ಹೃದಯ ಚಿಕಿತ್ಸೆಯಾದವರು ಮುಂದೂಡುವುದೇ ಸರಿ. ಅವರಿಗೆ ಮಾರ್ಚಿಯೋ ಏಪ್ರಿಲ್ಲೋ ಪ್ರಶಸ್ತ ಕಾಲ.

ಕೊನೆಯದಾಗಿ ಒಂದು ವಿನಂತಿ. ಮಕ್ಕಳು ಉತ್ಸಾಹದಿಂದ ಟಿಕೆಟು ಕೊಂಡಿರುವಾಗ "ನನಗೆ ಈ ತೊಂದರೆಯಿದೆ" ಎನ್ನಲು ನಮ್ಮ ತಂದೆತಾಯಿಯರು ಹಿಂಜರಿಯುತ್ತಾರೆ. ಮಗನ ಖರ್ಚು ಹಾಳಾಗುತ್ತದಲ್ಲ ಎಂದು ಸುಮ್ಮನಾಗುತ್ತಾರೆ. ಟಿಕೆಟಿನ ಹಣವನ್ನು ಮುಂದಿನ ವರ್ಷವೂ ಗಳಿಸಬಹುದು. ಹೊರಡುವ ಹಿಂದಿನ ರಾತ್ರಿ ಅಪ್ಪ ಅಮ್ಮಂದಿರ ಮಾತ್ರೆಗಳನ್ನು ಮಕ್ಕಳೇ ಒಮ್ಮೆ ಎಣಿಸಿ, ವಿಮೆಯ ಕಾಗದವನ್ನು ಅವರೊಡನೆ ಕುಳಿತು ಓದಿದರೆ, ಆಕಾಶ ಹೇಗಿದ್ದರೂ ಪ್ರವಾಸದ ಅರ್ಧ ಭಯ ಅಲ್ಲಿಗೇ ಕಳೆಯುತ್ತದೆ. ಹೋಗುವವರಿಗೆಲ್ಲ ಶುಭ ಪ್ರಯಾಣ.