ಆತಂಕದ ಔಷಧಿಯೂ ತಾಳ್ಮೆಯೂ

ಜ್ವರಕ್ಕೆ ಮಾತ್ರೆ ನುಂಗಿದವರು ಗಂಟೆಯೊಳಗೆ ಮೈ ಬೆವರುವುದನ್ನು ಎದುರು ನೋಡುತ್ತಾರೆ. ತಲೆನೋವಿನ ಮಾತ್ರೆ ನುಂಗಿದವರು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಹಣೆ ಒತ್ತಿ ನೋಡಿಕೊಳ್ಳುತ್ತಾರೆ. ಔಷಧಿಯ ಗುಣವೆಂದರೆ ಹೀಗೆಯೇ ಎಂಬ ರೂಢಿಯಿಂದ ಆತಂಕರೋಗದ ಚಿಕಿತ್ಸೆಗೆ ತೊಡಗಿದವರು ಮೊದಲ ವಾರದಲ್ಲಿಯೇ ಎದೆಗುಂದುತ್ತಾರೆ. ಈ ರೋಗಕ್ಕೆ ವೈದ್ಯರು ಇಂದು ಸಾಮಾನ್ಯವಾಗಿ ಮೊದಲು ಬರೆದುಕೊಡುವ ಗುಳಿಗೆಗಳು ಗುಣ ತೋರಲು 2ರಿಂದ 6 ವಾರ ಬೇಕಾಗುತ್ತದೆ. ಪೂರ್ಣ ಫಲ ದೊರೆಯಲು ಕೆಲವರಿಗೆ 12 ವಾರವೂ ಹಿಡಿಯುವುದುಂಟು. ಈ ಒಂದು ಸಂಗತಿ ತಿಳಿಯದೆ ಔಷಧಿಯನ್ನು ಅರ್ಧಕ್ಕೆ ಬಿಟ್ಟವರು ಅನೇಕರು.

ಪರೀಕ್ಷೆಯ ಮುನ್ನಾ ದಿನ, ಮಗಳ ಮದುವೆಯ ಮುನ್ನಾ ವಾರ ಮನಸ್ಸು ಕಳವಳಗೊಳ್ಳುವುದು ರೋಗವಲ್ಲ. ಕಾರಣವಿಲ್ಲದೆಯೂ, ಅಥವಾ ಅಲ್ಪ ಕಾರಣಕ್ಕೂ, ತಿಂಗಳುಗಟ್ಟಲೆ ಎದೆ ಢವಗುಟ್ಟುತ್ತಿದ್ದರೆ, ನಿದ್ದೆ ಹಾರಿಹೋಗಿದ್ದರೆ, ಕಿಕ್ಕಿರಿದ ಲೋಕಲ್ ಗಾಡಿಯನ್ನು ಕಂಡೊಡನೆ ಉಸಿರು ಕಟ್ಟಿದಂತಾಗಿ ಪ್ಲಾಟ್‌ಫಾರಮ್ಮಿನಿಂದ ಹಿಂದಿರುಗುವಂತಾದರೆ ಅದು ಚಿಕಿತ್ಸೆ ಬೇಡುವ ಸ್ಥಿತಿ. ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯೂ ಇವೇ ಲಕ್ಷಣಗಳನ್ನು ತೋರಬಲ್ಲದಾದುದರಿಂದ ವೈದ್ಯರು ಮೊದಲು ರಕ್ತಪರೀಕ್ಷೆ ಮಾಡಿಸುವುದುಂಟು. ಬಳಿಕ ಕೊಡುವುದು ಹೆಚ್ಚಾಗಿ ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಮೊದಲಾದ ಗುಂಪಿನ ಔಷಧಿಗಳನ್ನು. ಪೊಟ್ಟಣದ ಮೇಲೆ ಕಂಪನಿಯಿಟ್ಟ ಹೆಸರು ಬೇರೆಯಿದ್ದರೂ ಅದರ ಬಳಿಯಲ್ಲಿಯೇ ಈ ಹೆಸರು ಅಚ್ಚಾಗಿರುತ್ತದೆ.

ಇಷ್ಟು ತಡವೇಕೆ? ಮೆದುಳಿನ ನರಕೋಶಗಳು ಪರಸ್ಪರ ತಾಗಿಕೊಂಡಿಲ್ಲ. ನಡುವಿನ ಕಿರಿದಾದ ಅಂತರವನ್ನು ದಾಟಿ ಸುದ್ದಿ ಮುಟ್ಟಿಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು. ಸುದ್ದಿ ಮುಟ್ಟಿದ ಮೇಲೆ ಅದನ್ನು ಕಳುಹಿಸಿದ ಕೋಶವೇ ಮರಳಿ ಹೀರಿಕೊಳ್ಳುತ್ತದೆ. ಈ ಮರುಹೀರಿಕೆಯನ್ನು ತಡೆಯುವುದು ಔಷಧಿಯ ಕೆಲಸ, ಮತ್ತು ಆ ಕೆಲಸ ಕೆಲವೇ ಗಂಟೆಗಳಲ್ಲಿ ಆರಂಭವಾಗುತ್ತದೆ. ಆದರೆ ಸೆರೊಟೋನಿನ್ನಿನ ಪ್ರಮಾಣವನ್ನು ಅಳೆಯುವ ಗ್ರಾಹಕಗಳು ಆ ಕೋಶದ ಮೇಲೆಯೇ ಇವೆ. ಪ್ರಮಾಣ ಏರಿತೆಂದು ಕಂಡೊಡನೆ ಅವು ‘ಸಾಕು’ ಎಂದು ಕೋಶವನ್ನು ತಡೆದು ನಿಲ್ಲಿಸುತ್ತವೆ. ಔಷಧಿ ದಿನವೂ ತಪ್ಪದೆ ಸೇರುತ್ತಿದ್ದರೆ ಮಾತ್ರ ಈ ಕಾವಲು ಕೆಲವು ವಾರಗಳಲ್ಲಿ ಸಡಿಲವಾಗಿ, ನರಜಾಲ ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತದೆ. ಬಹುಮಟ್ಟಿಗೆ ಒಪ್ಪಿತವಾಗಿರುವ ವಿವರಣೆ ಇದು. (ಸೆರೊಟೋನಿನ್ ಕೊರತೆಯೇ ಆತಂಕಕ್ಕೆ ಕಾರಣವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು, ರೋಗದ ಮೂಲ ಅಷ್ಟು ಸರಳವಾದುದಲ್ಲ.) ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಕಲಕಿ ನೋಡಿದರೆ ಮೊಸರು ಗಟ್ಟಿಯಾಗದೆಂಬುದು ಎಲ್ಲ ಗೃಹಿಣಿಯರಿಗೂ ಗೊತ್ತು. ಎರಡು ದಿನ ನುಂಗಿ ಮೂರು ದಿನ ಬಿಡುವವರ ಸ್ಥಿತಿಯೂ ಅಂತಹುದೇ.

ನಿಜವಾದ ಕಷ್ಟವಿರುವುದು ಮೊದಲ ಹದಿನೈದು ದಿನಗಳಲ್ಲಿ. ಗುಣ ಇನ್ನೂ ಕಾಣದಿರುವಾಗಲೇ ಹೊಟ್ಟೆ ತೊಳಸುವುದು, ತಲೆನೋವು, ಭೇದಿ, ನಿದ್ದೆಯ ಏರುಪೇರು ಕಾಣಿಸಿಕೊಳ್ಳಬಹುದು. ಅದಕ್ಕಿಂತಲೂ ದಿಗಿಲು ಹುಟ್ಟಿಸುವ ಸಂಗತಿಯೆಂದರೆ, ಕೆಲವರಲ್ಲಿ ಆತಂಕವೇ ತುಸು ಹೆಚ್ಚುತ್ತದೆ. ಮೊದಲೇ ಅಂಜಿದ ಜೀವ “ಔಷಧಿ ನನಗೆ ಒಗ್ಗುತ್ತಿಲ್ಲ” ಎಂದು ಕೈಬಿಡುವುದು ಇಲ್ಲಿಯೇ. ಈ ತೊಂದರೆಗಳು ಬಹುಪಾಲು ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ಇವನ್ನು ತಗ್ಗಿಸಲೆಂದೇ ವೈದ್ಯರು ಎಸ್ಸಿಟಲೋಪ್ರಾಮನ್ನು 5 ಮಿಲಿಗ್ರಾಮಿನಿಂದ, ಸರ್ಟ್ರಲೀನನ್ನು 25 ಮಿಲಿಗ್ರಾಮಿನಿಂದ ಆರಂಭಿಸಿ ಮೆಲ್ಲನೆ ಏರಿಸುವುದುಂಟು. ಊಟದ ನಂತರ ನುಂಗಿದರೆ ಹೊಟ್ಟೆಯ ತೊಳಸು ಕಡಿಮೆಯಾಗುತ್ತದೆ. ಮಾತ್ರೆ ನಿದ್ದೆ ಕೆಡಿಸುತ್ತಿದ್ದರೆ ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಕಾಫಿಯ ವಿಷಯದಲ್ಲಿ ಕನ್ನಡಿಗರಿಗೆ ಹೇಳುವುದು ಕಠಿಣವೇ ಸರಿ. ಆದರೂ ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿದು ಎದೆಬಡಿತಕ್ಕೆ ಔಷಧಿಯನ್ನು ದೂರುವುದು ನ್ಯಾಯವಲ್ಲ.

ತಕ್ಷಣ ಶಮನ ನೀಡುವ ಗುಳಿಗೆಗಳು ಇಲ್ಲವೆಂದಲ್ಲ. ಕ್ಲೋರ್‌ಡಯಾಜೆಪಾಕ್ಸೈಡ್ 1960ರಲ್ಲಿ, ಡಯಾಜೆಪಾಮ್ 1963ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದುವು. ಆಲ್ಪ್ರಜೋಲಾಮ್ ಇದೇ ಕುಲದ್ದು. ಗಂಟೆಯೊಳಗೆ ಮನಸ್ಸನ್ನು ತಣಿಸುವ ಈ ಔಷಧಿಗಳೇ ಬಹುಕಾಲ ಆತಂಕಕ್ಕೆ ಮುಖ್ಯ ಮದ್ದಾಗಿದ್ದುವು. ದೀರ್ಘಕಾಲ ಸೇವಿಸಿದರೆ ದೇಹ ಇವಕ್ಕೆ ಒಗ್ಗಿಹೋಗಿ, ಬಿಡಲು ಹೋದಾಗ ಹಿಂದಿಗಿಂತ ಹೆಚ್ಚಿನ ತಳಮಳ ಏಳುತ್ತದೆಂಬ ಅರಿವು ವೈದ್ಯರಲ್ಲಿ ನೆಲೆಗೊಂಡದ್ದು ಆಮೇಲೆ. ಆದುದರಿಂದ ಇಂದು ಇವನ್ನು ಕೊಟ್ಟರೂ ನಿಧಾನದ ಔಷಧಿ ಹಿಡಿಯುವವರೆಗಿನ ಎರಡು-ನಾಲ್ಕು ವಾರಗಳಿಗೆ ಮಾತ್ರ ಕೊಡುವುದು ಉಚಿತ ಕ್ರಮ. ಆಲ್ಪ್ರಜೋಲಾಮ್ 2014ರಿಂದ ಎಚ್-1 ಅನುಸೂಚಿಯ ಕಟ್ಟುಪಾಡಿಗೆ ಒಳಪಟ್ಟಿದ್ದು, ಮಾರಾಟವನ್ನು ಔಷಧಿ ಅಂಗಡಿಯವರು ಪ್ರತ್ಯೇಕ ದಾಖಲೆಯಲ್ಲಿ ಬರೆದಿಡಬೇಕು. ಪರಿಚಯದ ಅಂಗಡಿಯವನು ಚೀಟಿಯಿಲ್ಲದೆ ಕೊಟ್ಟನೆಂದು, ನೆರೆಮನೆಯವರಿಗೆ ಹಿಡಿಸಿತೆಂದು ನುಂಗತಕ್ಕ ವಸ್ತು ಅದಲ್ಲ.

ಗುಣ ಬರುವ ರೀತಿಯೂ ವಿಚಿತ್ರ. ಒಂದು ಬೆಳಗ್ಗೆ ಎದ್ದಾಗ ಎಲ್ಲವೂ ತಿಳಿಯಾಗಿರುವುದಿಲ್ಲ. ರಾತ್ರಿ ಎರಡು ಬಾರಿ ಎಚ್ಚರವಾಗುತ್ತಿದ್ದವರಿಗೆ ಒಮ್ಮೆ ಆಗುತ್ತದೆ. ಬಿಟ್ಟುಹೋದ ವೇಗದ ಗಾಡಿಗೆ ಮರಳಿ ಹತ್ತುವ ಧೈರ್ಯ ಬರುತ್ತದೆ. ನಡುವೆ ಎರಡು ಕೆಟ್ಟ ದಿನಗಳೂ ಬರುತ್ತವೆ. ಎಷ್ಟೋ ವೇಳೆ ಸುಧಾರಣೆ ರೋಗಿಗಿಂತ ಮೊದಲು ಮನೆಯವರ ಕಣ್ಣಿಗೆ ಬೀಳುತ್ತದೆ. ಕ್ಯಾಲೆಂಡರಿನ ಅಂಚಿನಲ್ಲಿ ದಿನಕ್ಕೊಂದು ಅಂಕಿ, ಕಳವಳವಿಲ್ಲದಿದ್ದರೆ 0, ತೀರ ಹೆಚ್ಚಿದ್ದರೆ 10, ಎಂದು ಗುರುತು ಹಾಕಿಟ್ಟರೆ ನಾಲ್ಕನೆಯ ವಾರ ವೈದ್ಯರಿಗೆ ತೋರಿಸಲು ಒಂದು ಆಧಾರವಿರುತ್ತದೆ. ತಕ್ಕ ಪ್ರಮಾಣದಲ್ಲಿ ಆರು ವಾರ ನುಂಗಿಯೂ ಅಂಕಿ ಇಳಿಯದಿದ್ದರೆ ಪ್ರಮಾಣ ಹೆಚ್ಚಿಸುವುದು, ಬೇರೆ ಔಷಧಿಗೆ ಬದಲಿಸುವುದು, ಮನಶ್ಶಾಸ್ತ್ರಜ್ಞರ ಸಮಾಲೋಚನೆಯನ್ನು ಜೊತೆಗೂಡಿಸುವುದು, ಎಲ್ಲಕ್ಕೂ ದಾರಿಯಿದೆ.

ಕಾಯಬಾರದ ಸಂದರ್ಭಗಳೂ ಇವೆ. ಕುಳಿತಲ್ಲಿ ಕೂರಲಾರದ ಚಡಪಡಿಕೆ, ಅಸಹಜವಾದ ಉತ್ಸಾಹ, ಮೈಮೇಲೆ ದದ್ದು, ಎಲ್ಲಕ್ಕಿಂತ ಮಿಗಿಲಾಗಿ ಬದುಕು ಬೇಡವೆಂಬ ಯೋಚನೆ ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ಇಪ್ಪತ್ತೈದು ವರ್ಷದೊಳಗಿನವರ ಬಗ್ಗೆ ಆರಂಭದ ವಾರಗಳಲ್ಲಿ ಮನೆಯವರು ವಿಶೇಷ ಎಚ್ಚರ ವಹಿಸಬೇಕು. ಪರಊರಿನಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ಹೊಟ್ಟೆನೋವನ್ನು ವಿವರಿಸಬಹುದು. “ಜೀವ ಹಾರಿದಂತಾಗುತ್ತದೆ” ಎಂಬುದನ್ನು ವಿವರಿಸುವುದು ಸುಲಭವಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯಲ್ಲಿ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅದು ಒದಗಿಸುವ ಭಾಷೆಗಳಲ್ಲಿ ಕನ್ನಡವೂ ಒಂದು.

ಊರಿನಿಂದ ಬರುವ ಸಲಹೆಗಳಿಗೆ ಕೊನೆಯಿಲ್ಲ. “ತಲೆಕೆಟ್ಟವರ ಮಾತ್ರೆ, ಬಿಟ್ಟುಬಿಡು” ಎಂದು ಸೋದರಮಾವ ಹೇಳಿಯಾರು. ಧರ್ಮಸ್ಥಳಕ್ಕೆ ಹರಕೆ ಹೊತ್ತುಕೋ ಎಂದು ಅಜ್ಜಿ ಹೇಳಿಯಾರು. ಹರಕೆಗೂ ಗುಳಿಗೆಗೂ ವೈರವಿಲ್ಲ, ಎರಡೂ ನಡೆಯಲಿ. ಕಷಾಯ, ಚೂರ್ಣ, ನೋವಿನ ಮಾತ್ರೆಗಳನ್ನು ಜೊತೆಗೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ವೈದ್ಯರಿಗೆ ಮುಚ್ಚಿಡಬಾರದು. ರಜೆಗೆ ಊರಿಗೆ ಹೊರಟಾಗ ಒಂದು ವಾರದ ಹೆಚ್ಚುವರಿ ಗುಳಿಗೆಯೂ ವೈದ್ಯರ ಚೀಟಿಯೂ ಕೈಚೀಲದಲ್ಲಿರಲಿ. ಪೂರ್ತಿ ಗುಣವೆನಿಸಿದ ಮೇಲೂ ಔಷಧಿಯನ್ನು ಆರು ತಿಂಗಳಿನಿಂದ ಒಂದು ವರ್ಷದವರೆಗೆ ಮುಂದುವರಿಸುವುದು ವಾಡಿಕೆ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಮೈಯಲ್ಲಿ ಮಿಂಚು ಹರಿದಂತಹ ಅನುಭವ ಆಗಬಹುದಾದುದರಿಂದ, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಮಾತ್ರೆಯನ್ನು ವಾರಗಳ ಅವಧಿಯಲ್ಲಿ ಇಳಿಸುತ್ತ ಬರಬೇಕು.