ಸೈಕಲ್ ಸವಾರರ ದೇಣಿಗೆ, ಸಂಶೋಧನೆಯ ಮದ್ದು

ವೈದ್ಯಕೀಯ ಸಂಶೋಧನೆಗೆ ಹಣ ಕೂಡಿಸುವ ಸೈಕಲ್ ತಂಡವನ್ನು ಸೇರುವವರು ಎರಡು ಹೊಣೆಗಳನ್ನು ಹೊರುತ್ತಾರೆ: ಗೊತ್ತುಪಡಿಸಿದ ದೂರವನ್ನು ಕ್ರಮಿಸುವುದು, ಮತ್ತು ಗೊತ್ತುಪಡಿಸಿದ ಮೊತ್ತವನ್ನು ಬಂಧುಮಿತ್ರರಿಂದ, ಸಹೋದ್ಯೋಗಿಗಳಿಂದ, ಊರಿನ ವರ್ತಕರಿಂದ ದೇಣಿಗೆಯಾಗಿ ಪಡೆದು ಸಂಸ್ಥೆಗೆ ಒಪ್ಪಿಸುವುದು. ಮೊದಲನೆಯದು ಅಭ್ಯಾಸದಿಂದ ಸಾಧ್ಯ. ಎರಡನೆಯದು ಸಂಕೋಚ ಬಿಟ್ಟು ಇನ್ನೊಬ್ಬರ ಮುಂದೆ ಕೈಯೊಡ್ಡುವ ಕೆಲಸವಾದ್ದರಿಂದ ಹೆಚ್ಚು ಕಷ್ಟದ್ದು.

ಈ ಪದ್ಧತಿಯ ಪ್ರಸಿದ್ಧ ನಿದರ್ಶನ ಅಮೆರಿಕದ ಪ್ಯಾನ್-ಮ್ಯಾಸಚೂಸೆಟ್ಸ್ ಚಾಲೆಂಜ್. ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಬಿಲ್ಲಿ ಸ್ಟಾರ್ 1980ರಲ್ಲಿ 36 ಸವಾರರೊಡನೆ ಆರಂಭಿಸಿದ ಈ ಸವಾರಿಗೆ ಮೊದಲ ವರ್ಷ ಕೂಡಿದ್ದು 10,200 ಡಾಲರ್. ಈಗ ಒಟ್ಟು ಸಂಗ್ರಹ 100 ಕೋಟಿ ಡಾಲರನ್ನು ದಾಟಿದೆ. ವ್ಯವಸ್ಥೆಯ ಖರ್ಚನ್ನು ಪ್ರಾಯೋಜಕ ಕಂಪನಿಗಳೂ ಇತರ ಆದಾಯವೂ ಭರಿಸುವುದರಿಂದ ಸವಾರರು ತಂದ ಹಣವಷ್ಟೂ ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸಲ್ಲುತ್ತದೆ.

ಆ ಸಂಸ್ಥೆಯ ಮೂಲಕಥೆಯಲ್ಲಿ ಆಂಧ್ರದ ಪಾಲು ದೊಡ್ಡದು. 1895ರಲ್ಲಿ ಭೀಮವರದಲ್ಲಿ ಹುಟ್ಟಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ, ಜೀವಕೋಶಗಳ ಬೆಳವಣಿಗೆಗೆ ಬೇಕಾದ ಫೋಲಿಕ್ ಆಮ್ಲವೆಂಬ ವಿಟಮಿನ್ನಿನ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್ ಎಂಬ ಔಷಧವನ್ನು ತಯಾರಿಸಿತು. ಸಂಸ್ಥೆಯ ಸ್ಥಾಪಕ ಸಿಡ್ನಿ ಫಾರ್ಬರ್ ಅದನ್ನು ಲ್ಯೂಕೀಮಿಯಾ, ಅಂದರೆ ರಕ್ತದ ಕ್ಯಾನ್ಸರ್, ತಗುಲಿದ್ದ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದು 1948ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಬದುಕುಳಿಯಲಿಲ್ಲವಾದರೂ ಅದೇ ಜಾಡಿನಲ್ಲಿ ಬಂದ ಮೆಥೊಟ್ರೆಕ್ಸೇಟ್ ಇಂದಿಗೂ ಲ್ಯೂಕೀಮಿಯಾಕ್ಕೂ ಕೀಲುವಾತಕ್ಕೂ ಬಳಕೆಯಲ್ಲಿದೆ. ಚಿಕಿತ್ಸೆಗೆ ಕೊಟ್ಟ ಹಣ ಕಣ್ಣೆದುರಿನ ರೋಗಿಯನ್ನು ಕಾಯುತ್ತದೆ. ಸಂಶೋಧನೆಗೆ ಕೊಟ್ಟದ್ದು ಇನ್ನೂ ಹುಟ್ಟದ ಮಗುವನ್ನೂ ಕಾಯಬಲ್ಲದು, ಆದರೆ ದಾನಿಗೆ ಆ ಮುಖ ಕಾಣದಾದ್ದರಿಂದಲೇ ಇಂಥ ದೇಣಿಗೆ ಕೇಳುವವರು ಬೇಕಾಗುತ್ತಾರೆ.

ಸಂಶೋಧನೆ ಮಹಾನಗರಗಳಿಗೇ ಮೀಸಲೆಂದು ಭಾವಿಸಬೇಕಿಲ್ಲ. ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟ್, ಅಂದರೆ ಆರ್‌ಡಿಟಿ, ರಾಯದುರ್ಗದ ಕಡೆಯವರಿಗೆ ಕಣೇಕಲ್ಲು ಮತ್ತು ಕಲ್ಯಾಣದುರ್ಗದ ಆಸ್ಪತ್ರೆಗಳಿಂದ ಪರಿಚಿತ. ಅದರ ಬತ್ತಲಪಲ್ಲಿ ಆಸ್ಪತ್ರೆಯ ವೈದ್ಯರು ಎಚ್‌ಐವಿ ಪೀಡಿತರ ಕೊಹಾರ್ಟ್ ಅಧ್ಯಯನವನ್ನು, ಎಂದರೆ ಒಂದು ಗುಂಪಿನ ರೋಗಿಗಳ ಸ್ಥಿತಿಗತಿಯನ್ನು ವರ್ಷಗಟ್ಟಲೆ ದಾಖಲಿಸಿ ಪರಿಶೀಲಿಸುವ ಕೆಲಸವನ್ನು, ನಡೆಸಿ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ಬರಗಾಲದ ಈ ಸೀಮೆಗೆ ಇದು ಹೆಮ್ಮೆಯ ಸಂಗತಿ.

ವೇದಾವತಿಗೆ, ಜನರ ಬಾಯಲ್ಲಿ ಹಗರಿಗೆ, ಅಣೆಕಟ್ಟಿರುವ ಭೈರವಾನಿತಿಪ್ಪದಿಂದ ಕಲ್ಯಾಣದುರ್ಗದ ಕಡೆಗೆ ಇಂಥದೊಂದು ಸೈಕಲ್ ತಂಡ ಹೊರಡಲು ಅಡ್ಡಿಯೇನಿಲ್ಲ. ಬೇಸಿಗೆಯ ಬಿಸಿಲನ್ನು ತಪ್ಪಿಸಿ ಚಳಿಗಾಲದ ಮುಂಜಾವನ್ನು ಆರಿಸಿಕೊಳ್ಳುವುದು ಲೇಸು. ಬಳ್ಳಾರಿ ಜಾಲಿಯ ಮುಳ್ಳು ಟೈರನ್ನು ಸೀಳಿ ಟ್ಯೂಬಿಗಿಳಿಯುವ ನಾಡಾದ್ದರಿಂದ ಪ್ರತಿಯೊಬ್ಬರ ಬಳಿಯೂ ಬದಲಿ ಟ್ಯೂಬು, ಪಂಚರ್ ಪಟ್ಟಿ, ಕೈಪಂಪು ಇರಲೇಬೇಕು. ಅದಕ್ಕಿಂತ ಮುಂಚೆ ಯಾವ ಸಂಶೋಧನೆಗೆ ಹಣ ಹೋಗುತ್ತದೆ, ಖರ್ಚನ್ನು ಯಾರು ಭರಿಸುತ್ತಾರೆ ಎಂಬುದನ್ನು ಸಂಸ್ಥೆಯಿಂದ ಬರಹದಲ್ಲಿ ಪಡೆದು, ಹತ್ತು ರೂಪಾಯಿ ಕೊಟ್ಟವರಿಗೂ ರಸೀದಿ ಕೊಟ್ಟು, ಸವಾರಿ ಮುಗಿದ ಮೇಲೆ ಲೆಕ್ಕವನ್ನು ಊರಿನ ಮುಂದಿಡಬೇಕು. ರಾಯದುರ್ಗ, ಮಡಕಶಿರಾಗಳ ಯುವಕ ಯುವತಿಯರು ಈ ಚಳಿಗಾಲದಲ್ಲೇ ಇದಕ್ಕೆ ಮುಂದಾಗಲಿ.