ಸರ್ವರಿನ ಸಾಮಾನ್ಯ ಸಾಧನಗಳೂ ಕನ್ನಡ ಪಾಠಗಳ ರಕ್ಷಣೆಯೂ

ಶಾಸನಗಳು, ನಿಘಂಟುಗಳು, ಜನಪದ ಕಥನಗಳು ಇವುಗಳ ಪಾಠಗಳು ಓಲೆ ಕಾಗದಗಳಲ್ಲಿ ಮಾತ್ರವಲ್ಲದೆ ಈಗ ಗಣಕಯಂತ್ರಗಳಲ್ಲಿಯೂ ನೆಲೆಗೊಂಡಿರುವುದು ವಿದ್ವಾಂಸರಿಗೆ ವಿದಿತವಾದುದೇ. ಆದರೆ ಆ ಪಾಠಗಳು ಯಾವ ಏರ್ಪಾಟಿನ ಮೂಲಕ ಓದುಗನನ್ನು ತಲಪುತ್ತವೆ, ಅದರಲ್ಲಿ ಪಾಠವು ಕೆಡುವ ಎಡೆ ಯಾವುದು ಎಂಬ ವಿಚಾರವನ್ನು ಸಾಹಿತ್ಯದ ಅಧ್ಯಾಪಕರು ಯಂತ್ರಜ್ಞರ ಪಾಲಿಗೆ ಬಿಟ್ಟುಬಿಡುವುದು ವಾಡಿಕೆ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ರೈಸರು ಬೆಳಕಿಗೆ ತಂದ ಅಶೋಕನ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬ ಲಿಪಿಕಾರನ ಹೆಸರು ಇದೆ. ಗಣಕವೆಂಬ ಹೊಸ ಲಿಪಿಕಾರನಾದರೋ ಪಾಠವನ್ನು ಕೆಡಿಸಿದಾಗ ಹೆಸರನ್ನೂ ಉಳಿಸುವುದಿಲ್ಲ. ಆದುದರಿಂದ ಅವನ ಕಾರ್ಯಕ್ರಮವನ್ನು ಮೊದಲೇ ತಿಳಿದಿರುವುದು ಮೇಲು.

ಚಿತ್ರದುರ್ಗ ಜಿಲ್ಲೆಯ ಅಭ್ಯಾಸಕ್ಕೆಂದು ಒಂದು ವಿದ್ಯಾಸಂಸ್ಥೆಯು ಮೂರು ಸಂಗ್ರಹಗಳನ್ನು ಸಿದ್ಧಪಡಿಸಿತೆಂದು ಊಹಿಸಬಹುದು. ಎಪಿಗ್ರಾಫಿಯ ಕರ್ನಾಟಿಕದ ೧೧ನೆಯ ಸಂಪುಟದಲ್ಲಿರುವ ಆ ಜಿಲ್ಲೆಯ ಶಾಸನಗಳು ಒಂದು. ಅಲ್ಲಿನ ಆಡುನುಡಿಯ ಪದಕೋಶವು ಇನ್ನೊಂದು. ಚಳ್ಳಕೆರೆ ಮೊಳಕಾಲ್ಮೂರುಗಳ ಮ್ಯಾಸನಾಯಕರ ಬಾಯಿಂದ ಕೇಳಿ ಬರೆದುಕೊಂಡ ಕಥನಗಳು ಮೂರನೆಯವು. ಓದುಗನಿಗೆ ಇವು ಮೂರು ಬೇರೆ ಬೇರೆ ವೆಬ್ ಅಪ್ಲಿಕೇಷನ್ನುಗಳು. ಆದರೆ ಮೂರೂ ನಡೆಯುವುದು ಒಂದೇ ಸರ್ವರಿನಲ್ಲಿ. ಮೂರಕ್ಕೂ ಪಾಠಗಳನ್ನು ಇರಿಸುವ ಡೇಟಾಬೇಸು ಬೇಕು, ಅದರ ಗುಪ್ತಪದ ಬೇಕು, ಸ್ಥಳನಾಮಗಳ ಒಂದು ಪಟ್ಟಿ ಬೇಕು. ಇವನ್ನು ಮೂರು ಕಡೆಗಳಲ್ಲಿ ಬೇರೆಬೇರೆಯಾಗಿ ಬರೆದಿಟ್ಟರೆ ಗುಪ್ತಪದವನ್ನು ಬದಲಿಸಿದಾಗ ಒಂದು ಕಡೆಯಲ್ಲಿ ಮರೆತುಹೋಗುವುದು. ಸ್ಥಳನಾಮವು ಮೂರು ಬಗೆಯಾಗಿ ಬೆಳೆಯುವುದು. ಸರ್ವರಿಗೆಲ್ಲ ಸಾಮಾನ್ಯವಾದ ಸಾಧನಗಳೆಂಬ ಏರ್ಪಾಟು ಹುಟ್ಟಿರುವುದು ಈ ತೊಡಕಿನ ಪರಿಹಾರಕ್ಕಾಗಿಯೇ.

ಇದಕ್ಕೆ ಹೋಲಿಕೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಮ್ಯಾಸನಾಯಕರ ಕಟ್ಟೆಮನೆಗಳಲ್ಲೊಂದು. ಹಟ್ಟಿಗಳು ಹಲವು, ಅವುಗಳ ಮನೆವಾರ್ತೆ ಅವವಕ್ಕೆ ಬೇರೆ. ಆದರೆ ಕುಲಕ್ಕೆಲ್ಲ ಸಂಬಂಧಪಟ್ಟ ಕಟ್ಟುಕಟ್ಟಳೆಗಳ ನೆಲೆ ಕಟ್ಟೆಮನೆ. ಆ ಸೀಮೆಯ ದೇವರ ಎತ್ತುಗಳೂ ಹಾಗೆಯೇ: ಅವು ಒಬ್ಬರ ಮನೆಯ ಸ್ವತ್ತಲ್ಲ, ನೊಗಕ್ಕೆ ಹೂಡತಕ್ಕವಲ್ಲ, ಕಿಲಾರಿಗಳು ಎಲ್ಲರ ಪರವಾಗಿ ಅವನ್ನು ಕಾಯುತ್ತಾರೆ. ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು; ಆದರೂ ಯಾವುದು ಹಟ್ಟಿಯದು, ಯಾವುದು ಕಟ್ಟೆಮನೆಯದು ಎಂಬ ವಿವೇಕವೇ ಸರ್ವರಿನಲ್ಲಿಯೂ ಬೇಕಾದುದು.

ಟಾಮ್‌ಕ್ಯಾಟ್ ಎಂಬ ಪ್ರಸಿದ್ಧ ಸರ್ವರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಮುಖ್ಯ ವಿನ್ಯಾಸಪತ್ರದ ಹೆಸರು ಸರ್ವರ್.ಎಕ್ಸ್‌ಎಂಎಲ್. ಅದರಲ್ಲಿ 'ಗ್ಲೋಬಲ್ ನೇಮಿಂಗ್ ರಿಸೋರ್ಸಸ್' ಎಂಬ ಭಾಗವುಂಟು. ಡೇಟಾಬೇಸಿನ ವಿಳಾಸ, ಬಳಕೆದಾರನ ಹೆಸರು, ಗುಪ್ತಪದ ಇವನ್ನು ಅಲ್ಲಿ ಒಮ್ಮೆ ಬರೆದು ಆ ಸಾಧನಕ್ಕೆ ಒಂದು ಹೆಸರನ್ನಿಡತಕ್ಕದ್ದು. ಬರೆದ ಮಾತ್ರಕ್ಕೆ ಅದು ಅಪ್ಲಿಕೇಷನ್ನುಗಳಿಗೆ ಕಾಣಿಸದು. ಪ್ರತಿಯೊಂದು ಅಪ್ಲಿಕೇಷನ್ನಿನ ಕಾಂಟೆಕ್ಸ್ಟ್.ಎಕ್ಸ್‌ಎಂಎಲ್ ಪತ್ರದಲ್ಲಿ 'ರಿಸೋರ್ಸ್ ಲಿಂಕ್' ಎಂಬ ಸಾಲಿನಿಂದ ಆ ಹೆಸರಿಗೆ ಕೊಂಡಿಯನ್ನು ಹಾಕಬೇಕು. ಡೇಟಾಬೇಸಿನೊಡನೆ ಮಾತನಾಡುವ ಡ್ರೈವರ್ ಎಂಬ ಕಡತವನ್ನು ಸರ್ವರಿನ ಸ್ವಂತ ಲಿಬ್ ಕೋಶದಲ್ಲಿಯೇ ಇಡಬೇಕು. ಒಂದು ಅಪ್ಲಿಕೇಷನ್ನಿನೊಳಗೆ ಇಟ್ಟರೆ ಸಾಮಾನ್ಯ ಸಾಧನಕ್ಕೆ ಅದು ಸಿಕ್ಕದು. ಮುಖ್ಯ ಪತ್ರವನ್ನು ತಿದ್ದಿದಾಗ ಸರ್ವರನ್ನು ನಿಲ್ಲಿಸಿ ಮತ್ತೆ ನಡೆಯಿಸಬೇಕಾಗುವುದು, ಎಂದರೆ ಪದಕೋಶದ ಸಲುವಾಗಿ ಶಾಸನಗಳೂ ಸ್ವಲ್ಪ ಹೊತ್ತು ಮುಚ್ಚಿರುವುವು.

ಹೀಗೆ ಹಂಚಿಕೊಳ್ಳುವುದು ಡೇಟಾಬೇಸನ್ನಲ್ಲ, ಅದರೊಡನೆ ತೆರೆದಿಟ್ಟ ಸಂಪರ್ಕಗಳ ಒಂದು ಗುಂಪನ್ನು. ಬೇಕಾದಾಗ ಒಂದನ್ನು ಎರವಲು ಪಡೆದು ಕೆಲಸವಾದೊಡನೆ ಹಿಂದಿರುಗಿಸುವುದು ನಿಯಮ. ಬೇರೆ ಸಂಖ್ಯೆಯನ್ನು ಬರೆಯದಿದ್ದರೆ ಟಾಮ್‌ಕ್ಯಾಟಿನ ಗುಂಪಿನಲ್ಲಿ ಏಕಕಾಲಕ್ಕೆ ೮ ಸಂಪರ್ಕಗಳು ಮಾತ್ರ ಬಳಕೆಗೆ ಬರುವುವು. ಮೂರು ಅಪ್ಲಿಕೇಷನ್ನುಗಳು ತಮತಮಗೆ ೪೦ ಸಂಪರ್ಕಗಳ ಗುಂಪನ್ನು ಕಟ್ಟಿಕೊಂಡರೆ ಮೊತ್ತ ೧೨೦ ಆಗುವುದು. ಪೋಸ್ಟ್‌ಗ್ರೆಸ್ ಡೇಟಾಬೇಸು ಸ್ವಭಾವತಃ ಸಹಿಸುವುದು ೧೦೦ನ್ನು. ಒಂದೇ ಗುಂಪಾದರೆ ಈ ಮಿತಿಯು ಒಂದೇ ಕಡೆ ಕಣ್ಣಿಗೆ ಬೀಳುತ್ತದೆ. ಆದರೆ ಪಡೆದುದನ್ನು ಹಿಂದಿರುಗಿಸದ ಒಂದು ಅಪ್ಲಿಕೇಷನ್ನಿದ್ದರೆ ಉಳಿದವೆರಡೂ ಕಾಯುತ್ತ ನಿಲ್ಲುವುವು; ಕಾಯುವ ಅವಧಿಗೆ ಮಿತಿಯನ್ನು ಬರೆಯದಿದ್ದರೆ ಆ ಕಾಯುವಿಕೆಗೆ ಕೊನೆಯೇ ಇಲ್ಲ.

ಅಧಿಕಾರದ ವಿಷಯವನ್ನೂ ಇಲ್ಲಿಯೇ ನೋಡಬೇಕು. ಪದಕೋಶಕ್ಕೆ ಓದುವ ಹಕ್ಕು ಸಾಕು. ಕಥನಗಳನ್ನು ತಿದ್ದುವ ಸಂಪಾದಕರಿಗೆ ಬರೆಯುವ ಹಕ್ಕೂ ಬೇಕು. ಒಂದೇ ಸಂಪರ್ಕದ ಗುಂಪನ್ನು ಎಲ್ಲಕ್ಕೂ ಕೊಟ್ಟರೆ ಓದಲು ಬಂದವನ ದಾರಿಯಿಂದಲೂ ಪಾಠವು ಅಳಿಸಿಹೋಗಬಹುದು. ಎರಡು ಗುಂಪುಗಳನ್ನು ಏರ್ಪಡಿಸಿ, ಒಂದಕ್ಕೆ ಓದುವ ಹಕ್ಕನ್ನು ಮಾತ್ರ ಕೊಡುವುದು ಲೇಸು. ಖರ್ಚಿನ ನೆಪವನ್ನು ಹೇಳಿ ಇದನ್ನು ಕೈಬಿಡುವವರುಂಟು; ಆ ಉಳಿತಾಯವು ಅತ್ಯಲ್ಪ.

ಸಾಹಿತ್ಯದವರಿಗೆ ಹೆಚ್ಚು ಮುಖ್ಯವಾದುದು ಅಕ್ಷರಸಂಕೇತ. 'ನನ್ನಿವಾಳ' ಎಂಬ ಪದದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ೪. ಯೂನಿಕೋಡಿನಲ್ಲಿ ಅದಕ್ಕೆ ೮ ಸಂಕೇತಗಳು. ಯುಟಿಎಫ್-೮ ಎಂಬ ಬರೆವಣಿಗೆಯಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೆ ೩ ಬೈಟುಗಳಂತೆ ೨೪ ಬೈಟುಗಳು. ನಡುವೆ ಯಾರಾದರೂ ಈ ೨೪ ಬೈಟುಗಳನ್ನು ಲ್ಯಾಟಿನ್-೧ ಎಂದು ತಪ್ಪಾಗಿ ಓದಿದರೆ ೨೪ ಅಪರಿಚಿತ ಚಿಹ್ನೆಗಳು ಮೂಡುವುವು. ಇದು ಭ್ರಷ್ಟಪಾಠ, ಬೈಟುಗಳು ಹಾಗೆಯೇ ಉಳಿದಿದ್ದರೆ ಮೂಲವನ್ನು ಪುನಃ ಪಡೆಯಬಹುದು. ಅದಲ್ಲದೆ ಕನ್ನಡವನ್ನೇ ಲ್ಯಾಟಿನ್-೧ಕ್ಕೆ ಪರಿವರ್ತಿಸಲು ಹೊರಟರೆ ಅಲ್ಲಿ ಸ್ಥಾನವಿಲ್ಲದುದರಿಂದ ೮ ಪ್ರಶ್ನಚಿಹ್ನೆಗಳು ಮಾತ್ರ ಉಳಿಯುವುವು. ಇದು ನಷ್ಟಪಾಠ, ಯಾವ ಪಂಡಿತನೂ ಅದನ್ನು ಊಹಿಸಿ ತುಂಬಲಾರನು. ಹಾಡಿದವರು ಗತಿಸಿದ ಮೇಲೆ ಕಥನವೊಂದು ಈ ರೀತಿ ಹೋದರೆ ಪಾಠಾಂತರವೂ ಸಿಕ್ಕದು. ಮೈಎಸ್‌ಕ್ಯೂಎಲ್ ಡೇಟಾಬೇಸಿನಲ್ಲಿ ಲ್ಯಾಟಿನ್-೧ ಸಹಜಸಂಕೇತವಾಗಿದ್ದು, ೨೦೧೮ರ ೮.೦ ಆವೃತ್ತಿಯಿಂದ ಅದು ಬದಲಾಯಿತು. ಟಾಮ್‌ಕ್ಯಾಟಿನಲ್ಲಿ ವಿಳಾಸದೊಡನೆ ಬರುವ ಹುಡುಕುಪದಗಳಿಗೆ ೭ನೆಯ ಆವೃತ್ತಿಯವರೆಗೂ ಅದೇ ಇದ್ದು, ೮ರಿಂದ ಯುಟಿಎಫ್-೮ ಆಯಿತು. ಹಳೆಯ ಆವೃತ್ತಿಗಳಿಂದ ಬಂದ ಸಂಗ್ರಹಗಳಲ್ಲಿ ಹಳೆಯ ಏರ್ಪಾಟೇ ಉಳಿದಿರುವ ಸಂಭವವುಂಟು. ಸಂಕೇತವನ್ನು ಸಾಮಾನ್ಯ ಸಾಧನದಲ್ಲಿ ಸರಿಪಡಿಸಿದರೆ ಮೂರು ಸಂಗ್ರಹಗಳಿಗೂ ಒಮ್ಮೆಗೇ ಕ್ಷೇಮ; ಅಲ್ಲಿ ತಪ್ಪಿದರೆ ಮೂರಕ್ಕೂ ಒಮ್ಮೆಗೇ ಹಾನಿ.

ಅಕಾರಾದಿಯೂ ಇಂತಹುದೇ. ವರ್ಣಮಾಲೆಯಲ್ಲಿ ಳಕಾರವು ಹಕಾರದ ಆಚೆಗೆ ಬರುವುದು; ಯೂನಿಕೋಡಿನ ಸಂಕೇತಕ್ರಮದಲ್ಲಿ ಅದು ಲಕಾರ ವಕಾರಗಳ ನಡುವೆ ನಿಂತಿದೆ. ಡೇಟಾಬೇಸು ಸಂಕೇತಕ್ರಮವನ್ನೇ ಹಿಡಿದರೆ 'ಅಳಲು' ಎಂಬುದು 'ಅವನು' ಎಂಬುದಕ್ಕಿಂತ ಮುಂಚೆಯೇ ಬಂದುಬಿಡುವುದು. ಒಂದು ಅಪ್ಲಿಕೇಷನ್ ತಾನೇ ವರ್ಣಮಾಲೆಯಂತೆ ಜೋಡಿಸಿ, ಇನ್ನೊಂದು ಡೇಟಾಬೇಸಿನ ಜೋಡಣೆಯನ್ನು ನಂಬಿದರೆ ಒಂದೇ ಸ್ಥಳನಾಮಪಟ್ಟಿಯು ಎರಡು ಕ್ರಮಗಳಲ್ಲಿ ಕಾಣುವುದು. ಕ್ರಮವನ್ನು ಆಮೇಲೆ ಬದಲಿಸುವುದಾದರೆ ಸೂಚಿಗಳನ್ನೆಲ್ಲ ಮತ್ತೆ ಕಟ್ಟಬೇಕಾಗುವುದರಿಂದ ಡೇಟಾಬೇಸನ್ನು ಸೃಷ್ಟಿಸುವಾಗಲೇ ಇದನ್ನು ನಿಶ್ಚಯಿಸತಕ್ಕದ್ದು.

ಪರೀಕ್ಷೆಗೆ ಯಂತ್ರಜ್ಞಾನವು ಬೇಕಾಗಿಲ್ಲ. ಒತ್ತಕ್ಷರ, ಗುಣಿತ, ಳಕಾರ ಮೂರೂ ಇರುವುದರಿಂದ 'ನನ್ನಿವಾಳ' ಎಂಬ ಪದವೇ ಸಾಕು. ಮೂರು ಸಂಗ್ರಹಗಳಲ್ಲಿ ಒಂದರಲ್ಲಿ ಅದನ್ನು ಬರೆದು ಸೇರಿಸಿ, ಉಳಿದ ಎರಡರಿಂದ ಹುಡುಕಿ ತೆಗೆಯಬೇಕು. ಪಟ್ಟಿಯಲ್ಲಿ ಅದು 'ನನ್ನಿಹಾಳು' ಎಂಬಂತಹ ಪದಕ್ಕೆ ಮೊದಲು ಬಂದಿದೆಯೇ ಎಂದು ನೋಡಬೇಕು. ಡೇಟಾಬೇಸಿನಲ್ಲಿ ಅದರ ಸಂಕೇತಗಳು ೮ ಇವೆಯೇ ಎಂದು ಎಣಿಸಬೇಕು. ಸರ್ವರನ್ನು ಹೊಸ ಆವೃತ್ತಿಗೆ ಬದಲಾಯಿಸಿದ ದಿನವೂ ಇದನ್ನು ಮತ್ತೆ ಮಾಡಿ ನೋಡಿ, ಅನಂತರವೇ ಸಂಪಾದಕರಿಗೆ ಬರೆಯುವ ಹಕ್ಕನ್ನು ತೆರೆಯತಕ್ಕದ್ದು.